ಗರ್ಭದ ಪೊರೆಯ ಎರಡು ದಂಡೆ: ಕುರಿಯ ಬಸಿರಿನಲ್ಲಿ ಹಾರ್ಮೋನುಸದೃಶ ಸಂಯುಕ್ತಗಳ ಸಂಚಾರ

ಗಬ್ಬವಾದ ಕುರಿಯ ಒಡಲಿನಲ್ಲಿ ಸುಮಾರು 147 ದಿನಗಳ ಕಾಲ ಎರಡು ರಕ್ತಪ್ರವಾಹಗಳು, ಒಂದು ತಾಯಿಯದು ಇನ್ನೊಂದು ಮರಿಯದು, ಕೂದಲೆಳೆಗಿಂತ ಕಿರಿದಾದ ಅಂತರದಲ್ಲಿ ಪಕ್ಕಪಕ್ಕಕ್ಕೆ ಹರಿಯುತ್ತಿದ್ದರೂ ಒಂದರೊಳಗೊಂದು ಬೆರೆಯುವುದಿಲ್ಲ. ನಡುವೆ ಇರುವ ಪೊರೆಗಳನ್ನು ಆಮ್ಲಜನಕ, ಸಕ್ಕರೆ, ಅಮೈನೊ ಆಮ್ಲ, ಯೂರಿಯ ಇವೆಲ್ಲ ತಮ್ಮ ತಮ್ಮ ದಾರಿ ಹಿಡಿದು ದಾಟುತ್ತಿರುತ್ತವೆ. ಅವುಗಳ ಜೊತೆಗೆ ಪ್ರಮಾಣದಲ್ಲಿ ತೀರ ಅಲ್ಪವಾಗಿದ್ದು ಪರಿಣಾಮದಲ್ಲಿ ಮಾತ್ರ ಎಲ್ಲವನ್ನೂ ಮೀರಿಸುವ ಹಾರ್ಮೋನುಗಳೂ ಹಾರ್ಮೋನಿನಂತೆ ವರ್ತಿಸುವ ಸಂಯುಕ್ತಗಳೂ ಇರುತ್ತವೆ. ಈ ಉಪನ್ಯಾಸದ ವಸ್ತು ಆ ಕೊನೆಯ ಗುಂಪು. ವೈದ್ಯಶಾಸ್ತ್ರದ ಪಠ್ಯಗಳಲ್ಲಿ ಜರಾಯುವನ್ನು, ಅಂದರೆ ಹೆರಿಗೆಯ ನಂತರ ಮಾಸು ಎಂಬ ಹೆಸರಿನಲ್ಲಿ ಹೊರಬೀಳುವ ಅಂಗವನ್ನು, ತಡೆಗೋಡೆ ಎಂದೋ ಜರಡಿ ಎಂದೋ ವರ್ಣಿಸುವುದು ರೂಢಿಯಾಗಿದೆ; ಎರಡೂ ಅರ್ಧ ಸತ್ಯದ ವರ್ಣನೆಗಳು. ಗೋಡೆ ಸುಮ್ಮನೆ ನಿಂತಿರುತ್ತದೆ, ಜರಡಿ ಗಾತ್ರವನ್ನಷ್ಟೇ ನೋಡುತ್ತದೆ. ಈ ಪೊರೆಯಾದರೋ ಹಳೆಯ ಕಾಲದ ಸುಂಕದ ಕಟ್ಟೆಯ ಹಾಗೆ ಬಂದ ಸರಕನ್ನು ಬಿಚ್ಚಿ ನೋಡಿ, ಕೆಲವನ್ನು ಹಾಗೆಯೇ ಬಿಟ್ಟು, ಕೆಲವನ್ನು ಅಲ್ಲೇ ನಾಶಮಾಡಿ, ಕೆಲವನ್ನು ರೂಪ ಬದಲಿಸಿ ಕಳಿಸುತ್ತದೆ. ಅಷ್ಟಲ್ಲದೆ ತನ್ನದೇ ಸರಕನ್ನು ತಯಾರಿಸಿ ಎರಡೂ ದಂಡೆಗಳಿಗೆ ಹಂಚುತ್ತದೆ.

ಈ ಕೆಲಸವನ್ನು ತಿಳಿಯಲು ಮೊದಲು ಪೊರೆಗಳ ಜೋಡಣೆಯನ್ನು ನೋಡಬೇಕು. ಮರಿಯನ್ನು ಎಲ್ಲಕ್ಕಿಂತ ಒಳಗಡೆ ಸುತ್ತಿರುವುದು ಆಮ್ನಿಯಾನ್ ಎಂಬ ತೆಳು ಚೀಲ. ಮರಿ ಅದರೊಳಗಿನ ದ್ರವದಲ್ಲಿ ತೇಲುತ್ತಿರುತ್ತದೆ. ಅದರ ಪಕ್ಕದಲ್ಲೇ ಇರುವ ಅಲಾಂಟೋಯಿಸ್ ಎಂಬ ಇನ್ನೊಂದು ಚೀಲಕ್ಕೆ ಮರಿಯ ಮೂತ್ರ ಹೊಕ್ಕುಳಬಳ್ಳಿಯೊಳಗಿನ ಒಂದು ಕೊಳವೆಯ ಮೂಲಕ ಬಂದು ಸೇರುತ್ತದೆ. ಇವೆರಡನ್ನೂ ಹೊರಗಿನಿಂದ ಆವರಿಸಿ ಗರ್ಭಕೋಶದ ಒಳಮೈಗೆ ತಾಗಿಕೊಂಡಿರುವುದು ಕೋರಿಯಾನ್. ಅಲಾಂಟೋಯಿಸ್‌ನ ಹೊರಮೈ ಕೋರಿಯಾನಿನೊಡನೆ ಬೆಸೆದುಕೊಂಡು, ರಕ್ತನಾಳಗಳು ಹಬ್ಬಿದ ಒಂದೇ ಪೊರೆಯಾಗುತ್ತದೆ. ಮನುಷ್ಯರಲ್ಲಿ ಜರಾಯು ಒಂದೇ ತಟ್ಟೆಯಾಕಾರದ ಅಂಗವಾದರೆ ಕುರಿಯಲ್ಲಿ ಅದು ಚದುರಿಹೋದ ಅಂಗ: ಗರ್ಭಕೋಶದ ಒಳಗೋಡೆಯ ಮೇಲೆ ಹುಟ್ಟಿನಿಂದಲೇ ಇರುವ, ಸಾಮಾನ್ಯವಾಗಿ 80ರಿಂದ 100ರಷ್ಟು ಗುಂಡಿಯಾಕಾರದ ಉಬ್ಬುಗಳಿಗೆ ಎದುರಾಗಿ ಕೋರಿಯಾನಿನಲ್ಲಿ ಕುಚ್ಚುಗಳು ಬೆಳೆದು, ಆ ಕುಚ್ಚುಗಳ ಎಳೆಗಳು ತಾಯಿಯ ಉಬ್ಬಿನ ಸಂದುಗಳಲ್ಲಿ ಬೆರಳುಗಳಂತೆ ಹೊಕ್ಕು ಕೂರುತ್ತವೆ. ಹೀಗೆ ಕೂಡಿದ ಒಂದೊಂದು ಜೋಡಿಯೂ ಒಂದೊಂದು ಪುಟ್ಟ ಜರಾಯು.

ಈ ಜೋಡಿಯಲ್ಲಿ ತಾಯಿಯ ರಕ್ತದಿಂದ ಮರಿಯ ರಕ್ತಕ್ಕೆ ಹೋಗಬೇಕಾದ ಅಣು ತಾಯಿಯ ರಕ್ತನಾಳದ ಗೋಡೆ, ಗರ್ಭಕೋಶದ ಒಳಪದರ, ಮರಿಯ ಕಡೆಯ ಟ್ರೋಫೊಬ್ಲಾಸ್ಟ್ ಎಂಬ ಹೊರಪದರ, ಕೊನೆಗೆ ಮರಿಯ ರಕ್ತನಾಳದ ಗೋಡೆ ಇಷ್ಟನ್ನೂ ದಾಟಬೇಕಾಗುತ್ತದೆ. ಮನುಷ್ಯರಲ್ಲಿ ತಾಯಿಯ ಕಡೆಯ ಪದರಗಳು ಕರಗಿಹೋಗಿ ಜರಾಯುವಿನ ಎಳೆಗಳು ನೇರವಾಗಿ ತಾಯಿಯ ರಕ್ತದಲ್ಲೇ ಅದ್ದಿಕೊಂಡಿರುತ್ತವೆ. ಈ ಅಂತರದ ಫಲವನ್ನು ಕುರಿ ಸಾಕುವವರೆಲ್ಲ ಕಣ್ಣಾರೆ ಕಂಡಿರುತ್ತಾರೆ: ತಾಯಿಯ ರೋಗನಿರೋಧಕ ಪ್ರೋಟೀನುಗಳು ಕುರಿಯ ಜರಾಯುವನ್ನು ದಾಟಲಾರವಾದ್ದರಿಂದ ಮರಿ ಆ ರಕ್ಷಣೆಯಿಲ್ಲದೆ ಹುಟ್ಟುತ್ತದೆ, ಹುಟ್ಟಿದ ಕೆಲವು ಗಂಟೆಗಳೊಳಗೆ ಗಿಣ್ಣದ ಹಾಲು ಹೊಟ್ಟೆಗೆ ಹೋಗದಿದ್ದರೆ ಉಳಿಯುವುದು ಕಷ್ಟ.

ದೊಡ್ಡ ಪ್ರೋಟೀನುಗಳಿಗೆ ದಾರಿ ಇಲ್ಲ ಎಂದರೆ ಪ್ರೋಟೀನ್ ಹಾರ್ಮೋನುಗಳ ಗತಿಯೇನು ಎಂಬ ಪ್ರಶ್ನೆಗೆ ಕುರಿಯ ಜರಾಯು ಕಂಡುಕೊಂಡಿರುವ ಉತ್ತರ ಸ್ವಾರಸ್ಯವಾದುದು. ಅದರ ಟ್ರೋಫೊಬ್ಲಾಸ್ಟ್ ಪದರದಲ್ಲಿ ಐದರಲ್ಲೊಂದು ಅಥವಾ ಅದಕ್ಕೆ ತುಸು ಕಡಿಮೆ ಪಾಲು ಜೀವಕೋಶಗಳು ಎರಡೆರಡು ಕೋಶಕೇಂದ್ರಗಳನ್ನು ಹೊಂದಿರುತ್ತವೆ. ಈ ಜೋಡಿಕೇಂದ್ರ ಕೋಶಗಳು ತಮ್ಮೊಳಗೆ ಪ್ಲಾಸೆಂಟಲ್ ಲ್ಯಾಕ್ಟೋಜೆನ್ ಎಂಬ, ತಾಯಿಯ ಕೆಚ್ಚಲು ಮತ್ತು ಪೋಷಣೆಯ ಮೇಲೆ ಕೆಲಸ ಮಾಡುವ ಹಾರ್ಮೋನನ್ನು ಸಣ್ಣ ಸಣ್ಣ ಕಣಗಳಾಗಿ ತುಂಬಿಕೊಂಡು, ತಾವೇ ಎದ್ದು ಹೊರಟು ಪದರವನ್ನು ದಾಟಿ, ತಾಯಿಯ ಗರ್ಭಕೋಶದ ಕೋಶಗಳೊಡನೆ ಬೆಸೆದುಕೊಂಡು, ಆ ಕಣಗಳನ್ನು ತಾಯಿಯ ರಕ್ತದ ಅಂಚಿನಲ್ಲಿ ಬಿಟ್ಟು ಅಳಿಯುತ್ತವೆ. ಕೇಂಬ್ರಿಜ್ ಬಳಿಯ ಬಾಬ್ರಹಾಮ್‌ನಲ್ಲಿ ಎಫ್.ಬಿ.ಪಿ. ವುಡಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಈ ವಲಸೆಯನ್ನು ಹಂತ ಹಂತವಾಗಿ ತೋರಿಸಿಕೊಟ್ಟರು. ಓಲೆ ದಾಟಲಾಗದ ಕಡೆ ಓಲೆಕಾರನೇ ದಾಟಿ ಹೋಗುವ ಈ ಏರ್ಪಾಡಿಗೆ ಸಮನಾದದ್ದು ಮನುಷ್ಯರ ಜರಾಯುವಿನಲ್ಲಿ ಇಲ್ಲ.

ಸ್ಟಿರಾಯ್ಡ್ ಗುಂಪಿನ ಹಾರ್ಮೋನುಗಳಾದ ಪ್ರೊಜೆಸ್ಟಿರಾನ್, ಈಸ್ಟ್ರೊಜೆನ್, ಕಾರ್ಟಿಸಾಲ್ ಇವುಗಳ ಕಥೆ ಬೇರೆ. ಇವು ಕೊಬ್ಬಿನಲ್ಲಿ ಕರಗುವ ಸಣ್ಣ ಅಣುಗಳು. ಜೀವಕೋಶದ ಪೊರೆಯೂ ಮುಖ್ಯವಾಗಿ ಕೊಬ್ಬಿನ ಪದರವೇ ಆದ್ದರಿಂದ ಅದರೊಳಗೆ ಸುಲಭವಾಗಿ ನುಸುಳಿಕೊಳ್ಳುತ್ತವೆ. ಇಂಥ ಅಣುಗಳನ್ನು ಬಾಗಿಲು ಮುಚ್ಚಿ ತಡೆಯುವುದು ಆಗದ ಮಾತು. ಅವುಗಳ ರಸಾಯನವನ್ನು ಬದಲಿಸುವುದೊಂದೇ ಉಪಾಯ. ಸ್ಟಿರಾಯ್ಡಿಗೆ ಒಂದು ಸಲ್ಫೇಟ್ ಗುಂಪು ಅಂಟಿದೊಡನೆ ಅದು ನೀರಿನಲ್ಲಿ ಕರಗುವಂಥದಾಗಿ ಪೊರೆ ದಾಟುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಕುರಿಮರಿಯ ದೇಹದಲ್ಲಿ ಈಸ್ಟ್ರೊಜೆನ್ನಿನ ಹೆಚ್ಚಿನ ಪಾಲು ಇಂಥ ಸಲ್ಫೇಟ್ ರೂಪದಲ್ಲಿದ್ದು, ಅಲಾಂಟೋಯಿಸ್ ಚೀಲದ ದ್ರವ ಅದರ ಉಗ್ರಾಣದಂತೆ ಇರುತ್ತದೆ. ಸಲ್ಫೇಟನ್ನು ಕಳಚುವ ಕಿಣ್ವ ಇರುವ ಕಡೆ ಅದೇ ಅಣು ಮತ್ತೆ ಚುರುಕಾಗುತ್ತದೆ. ಆದ್ದರಿಂದ ಚೀಲದ ದ್ರವದಲ್ಲಿ ಒಂದು ಹಾರ್ಮೋನು ಹೇರಳವಾಗಿದೆ ಎಂಬುದಷ್ಟರಿಂದಲೇ ಅದು ಅಲ್ಲಿ ಕೆಲಸ ಮಾಡುತ್ತಿದೆ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಹಳೆಯ ಎಷ್ಟೋ ಅಳತೆಗಳು ಈ ತಪ್ಪಿಗೆ ಸಿಕ್ಕಿಬಿದ್ದಿವೆ.

ಯಾವ ಅಡ್ಡಿಯೂ ಇಲ್ಲದೆ ದಾಟುವ ಹಾರ್ಮೋನೂ ಒಂದಿದೆ. ತಾಯಿಯ ಮಿದುಳಿನ ಪೀನಿಯಲ್ ಗ್ರಂಥಿ ಕತ್ತಲಾದಾಗ ಸುರಿಸುವ ಮೆಲಟೋನಿನ್ ಕುರಿಯ ಜರಾಯುವನ್ನು ಸರಾಗವಾಗಿ ದಾಟಿ ಮರಿಯ ರಕ್ತದಲ್ಲೂ ಅದೇ ಲಯದಲ್ಲಿ ಏರಿಳಿಯುತ್ತದೆ. ತಾಯಿಯ ಪೀನಿಯಲ್ ಗ್ರಂಥಿಯನ್ನು ತೆಗೆದುಹಾಕಿದರೆ ಮರಿಯ ರಕ್ತದಲ್ಲೂ ಆ ಲಯ ಅಳಿಸಿಹೋಗುತ್ತದೆ. ಹಗಲಿನ ಉದ್ದವನ್ನು ನೋಡಿ ಬೆದೆಗೆ ಬರುವ ಸಮಶೀತೋಷ್ಣ ನಾಡುಗಳ ಕುರಿಗಳಿಗೆ ಇದು ಸಣ್ಣ ಸಂಗತಿಯಲ್ಲ: ಬೆಳಕನ್ನು ಕಾಣುವ ಮೊದಲೇ ಮರಿ ಇರುಳಿನ ಉದ್ದವನ್ನು ಅರಿಯುತ್ತದೆ.

ಇನ್ನು ಈ ಉಪನ್ಯಾಸದ ಮುಖ್ಯ ಪಾತ್ರಗಳಾದ ಪ್ರೊಸ್ಟಾಗ್ಲಾಂಡಿನ್‌ಗಳು. ಹಾರ್ಮೋನು ಎಂಬ ಮಾತನ್ನು ಕಟ್ಟುನಿಟ್ಟಾಗಿ ಬಳಸುವುದಾದರೆ ಒಂದು ಗ್ರಂಥಿಯಲ್ಲಿ ಹುಟ್ಟಿ ರಕ್ತದಲ್ಲಿ ಸಾಗಿ ದೂರದ ಇನ್ನೊಂದು ಅಂಗದಲ್ಲಿ ಕೆಲಸ ಮಾಡುವ ವಸ್ತುವಿಗಷ್ಟೇ ಆ ಹೆಸರು ಸಲ್ಲಬೇಕು. ಪ್ರೊಸ್ಟಾಗ್ಲಾಂಡಿನ್‌ಗಳಾದರೋ ದೇಹದ ಬಹುತೇಕ ಎಲ್ಲ ಅಂಗಾಂಶಗಳಲ್ಲೂ ಬೇಕಾದ ಹೊತ್ತಿಗೆ ತಯಾರಾಗಿ, ಅಲ್ಲೇ ಅಕ್ಕಪಕ್ಕದಲ್ಲಿ ಕೆಲಸ ಮುಗಿಸಿ, ಬೇಗನೆ ನಾಶವಾಗುವಂಥವು. ಅದಕ್ಕಾಗಿಯೇ ಅವುಗಳನ್ನು ಹಾರ್ಮೋನುಸದೃಶ ಎಂದು ಕರೆಯುವುದು. ಜೀವಕೋಶದ ಪೊರೆಯಲ್ಲಿರುವ, ಇಪ್ಪತ್ತು ಇಂಗಾಲದ ಪರಮಾಣುಗಳ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಾಮ್ಲವೇ ಅವುಗಳ ಕಚ್ಚಾವಸ್ತು.

ಅವುಗಳ ಹೆಸರೇ ಒಂದು ತಪ್ಪಿನ ಸ್ಮಾರಕ. 1935ರಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ವೀರ್ಯದಲ್ಲಿದ್ದ ಈ ವಸ್ತು ಪ್ರಾಸ್ಟೇಟ್ ಗ್ರಂಥಿಯಿಂದ ಬಂದದ್ದೆಂದು ಭಾವಿಸಿ ಆ ಹೆಸರಿಟ್ಟರು. ಅದು ಬಹುಮಟ್ಟಿಗೆ ವೀರ್ಯಕೋಶಿಕೆಯೆಂಬ ಬೇರೊಂದು ಗ್ರಂಥಿಯದೆಂದು ಮುಂದೆ ತಿಳಿದರೂ ಹೆಸರು ಮಾತ್ರ ನಿಂತುಬಿಟ್ಟಿತು. ಕುರಿಗೂ ಈ ಸಂಯುಕ್ತಗಳಿಗೂ ಇರುವ ನಂಟು ಗರ್ಭಕ್ಕಿಂತ ಹಳೆಯದು: ಸುನೆ ಬರ್ಗ್‌ಸ್ಟ್ರೋಮ್ ಮತ್ತು ಅವರ ಸಂಗಡಿಗರು 1950ರ ದಶಕದ ಕೊನೆಯಲ್ಲಿ ಮೊದಲ ಪ್ರೊಸ್ಟಾಗ್ಲಾಂಡಿನ್‌ಗಳನ್ನು ಹರಳುರೂಪದಲ್ಲಿ ಬೇರ್ಪಡಿಸಿದ್ದು ಟಗರುಗಳ ವೀರ್ಯಕೋಶಿಕೆಗಳನ್ನು ರಾಶಿ ರಾಶಿಯಾಗಿ ಸಂಗ್ರಹಿಸಿ ಅರೆದು ಸೋಸಿದ ಮೇಲೆ. 1982ರ ನೊಬೆಲ್ ಪುರಸ್ಕಾರವನ್ನು ಬರ್ಗ್‌ಸ್ಟ್ರೋಮ್, ಬೆಂಗ್ಟ್ ಸ್ಯಾಮುಯೆಲ್ಸನ್ ಮತ್ತು ಜಾನ್ ವೇನ್ ಹಂಚಿಕೊಂಡರು. ಆಸ್ಪಿರಿನ್ ಈ ಸಂಯುಕ್ತಗಳ ತಯಾರಿಕೆಯನ್ನೇ ನಿಲ್ಲಿಸುತ್ತದೆ ಎಂದು 1971ರಲ್ಲಿ ತೋರಿಸಿದವರು ವೇನ್.

ಪ್ರೊಸ್ಟಾಗ್ಲಾಂಡಿನ್ ಕೊಬ್ಬಿನ ಮೂಲದ್ದಾದ್ದರಿಂದ ಪೊರೆಯನ್ನು ಲೀಲಾಜಾಲವಾಗಿ ದಾಟಬೇಕು ಎಂದು ಮೊದಮೊದಲು ತೋರುವುದು ಸಹಜ. ಆದರೆ ಅದು ಆಮ್ಲವೂ ಹೌದು. ರಕ್ತದ ಕ್ಷಾರತೆಯಲ್ಲಿ ಅದರ ಅಣುಗಳು ಬಹುತೇಕ ಎಲ್ಲವೂ ವಿದ್ಯುದಂಶ ಹೊತ್ತ ರೂಪದಲ್ಲಿರುತ್ತವೆ, ವಿದ್ಯುದಂಶ ಹೊತ್ತ ಅಣುವಿಗೆ ಕೊಬ್ಬಿನ ಪದರ ದಾರಿ ಬಿಡುವುದಿಲ್ಲ. ಅದಕ್ಕೆ ಹೊತ್ತೊಯ್ಯುವ ವಾಹಕವೊಂದು ಬೇಕು. 1970ರ ದಶಕದ ಆರಂಭದಲ್ಲಿ ಲಾಸ್ಲೊ ಬಿಟೊ ಇಂಥ ವಾಹಕ ಇರಲೇಬೇಕೆಂದು ಅಂಗಾಂಶಗಳ ಮೇಲಿನ ಪ್ರಯೋಗಗಳಿಂದ ವಾದಿಸಿದ್ದರು. 1995ರಲ್ಲಿ ಅದರ ಜೀನು ಸಿಕ್ಕಿತು. ಕೋಶದ ಒಳಕ್ಕೆ ಎಳೆದುಕೊಳ್ಳುವ ಈ ವಾಹಕವಲ್ಲದೆ ಹೊರಕ್ಕೆ ದೂಡುವ ವಾಹಕವೂ ಇದೆಯೆಂಬುದು ಅನಂತರದ ವರ್ಷಗಳಲ್ಲಿ ಗೊತ್ತಾಯಿತು. ಒಳಗೆ ಬಂದ ಪ್ರೊಸ್ಟಾಗ್ಲಾಂಡಿನ್ನಿಗೆ ಅಲ್ಲಿ ಕಾದಿರುವುದು 15-ಹೈಡ್ರಾಕ್ಸಿ ಪ್ರೊಸ್ಟಾಗ್ಲಾಂಡಿನ್ ಡಿಹೈಡ್ರೊಜಿನೇಸ್ ಎಂಬ ಉದ್ದ ಹೆಸರಿನ ಕಿಣ್ವ. ಅದು ಅಣುವಿನ ಹದಿನೈದನೆಯ ಇಂಗಾಲದ ಮೇಲಿನ ಒಂದೇ ಒಂದು ಗುಂಪನ್ನು ಬದಲಿಸಿ ಇಡೀ ಅಣುವನ್ನು ನಿಷ್ಕ್ರಿಯಗೊಳಿಸುತ್ತದೆ. ವಾಹಕ ಮತ್ತು ಕಿಣ್ವ ಎರಡೂ ಒಂದೇ ಕೋಶದಲ್ಲಿದ್ದರೆ ಆ ಕೋಶ ಪ್ರೊಸ್ಟಾಗ್ಲಾಂಡಿನ್ನಿನ ಮಸಣ. ವಾಹಕ ಇದ್ದು ಕಿಣ್ವ ಇಲ್ಲದಿದ್ದರೆ ಅದೇ ಕೋಶ ಸೇತುವೆ. ಪೊರೆಯೊಂದು ದಾರಿಯೋ ತಡೆಯೋ ಎಂಬ ಪ್ರಶ್ನೆ ಹೀಗೆ ಎರಡು ಪ್ರೋಟೀನುಗಳ ಹಂಚಿಕೆಯ ಪ್ರಶ್ನೆಯಾಗಿಬಿಡುತ್ತದೆ.

ಇಂಥ ಮಸಣಗಳಲ್ಲಿ ದೊಡ್ಡದು ಶ್ವಾಸಕೋಶ. ಇ ಮತ್ತು ಎಫ್ ಗುಂಪಿನ ಪ್ರೊಸ್ಟಾಗ್ಲಾಂಡಿನ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಒಂದೇ ಸುತ್ತಿನಲ್ಲಿ ಶ್ವಾಸಕೋಶದಲ್ಲಿ ನಾಶವಾಗುತ್ತದೆ. ಹಾಗಿರುವಾಗ ಗಬ್ಬವಾಗದ ಕುರಿಯ ಗರ್ಭಕೋಶದಲ್ಲಿ ತಯಾರಾದ ಪ್ರೊಸ್ಟಾಗ್ಲಾಂಡಿನ್ ಎಫ್2-ಆಲ್ಫಾ ಅಂಡಾಶಯವನ್ನು ಮುಟ್ಟಿ, ಅಲ್ಲಿ ಪ್ರೊಜೆಸ್ಟಿರಾನ್ ಸುರಿಸುವ ಹಳದಿ ಗಂಟಾದ ಕಾರ್ಪಸ್ ಲೂಟಿಯಂ ಅನ್ನು ಕರಗಿಸಿ, ಹದಿನಾರು ಹದಿನೇಳು ದಿನಕ್ಕೊಮ್ಮೆ ಬೆದೆಯನ್ನು ಮರಳಿ ತರುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದ್ದು ರಕ್ತನಾಳಗಳ ಜೋಡಣೆಯಲ್ಲಿ. ಅಂಡಾಶಯಕ್ಕೆ ಹೋಗುವ ಅಪಧಮನಿ, ಗರ್ಭಕೋಶದಿಂದ ಮರಳುವ ಅಭಿಧಮನಿಯ ಮೈಗೆ ಬಳ್ಳಿಯಂತೆ ಸುರುಳಿ ಸುರುಳಿಯಾಗಿ ಅಂಟಿಕೊಂಡಿದ್ದು, ಪ್ರೊಸ್ಟಾಗ್ಲಾಂಡಿನ್ನಿನ ಒಂದು ಸಣ್ಣ ಪಾಲು ನಾಳದ ಗೋಡೆಯನ್ನೇ ದಾಟಿ ನೇರವಾಗಿ ಅಂಡಾಶಯಕ್ಕೆ ಸೇರುತ್ತದೆ. ಜಾನ್ ಮೆಕ್‌ಕ್ರಾಕೆನ್ ಮತ್ತು ಸಂಗಡಿಗರು 1972ರಲ್ಲಿ ಇದನ್ನು ಕುರಿಯಲ್ಲಿ ಸಾಧಿಸಿ ತೋರಿಸಿದರು. ಗರ್ಭ ನಿಂತಿದ್ದರೆ ಈ ಓಲೆ ಹೊರಡಲೇಬಾರದು. ಅದಕ್ಕಾಗಿ ದಾರದೆಳೆಯಂತೆ ಉದ್ದವಾಗುತ್ತಿರುವ ಭ್ರೂಣ 12–13ನೆಯ ದಿನದ ಹೊತ್ತಿಗೇ ಇಂಟರ್‌ಫೆರಾನ್-ಟಾವ್ ಎಂಬ ಪ್ರೋಟೀನನ್ನು ಸುರಿಸಿ, ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಾಗ್ಲಾಂಡಿನ್ನಿನ ಅಲೆಗಳು ಏಳದಂತೆ ನೋಡಿಕೊಳ್ಳುತ್ತದೆ. ವೈರಾಣುಗಳ ವಿರುದ್ಧದ ಆಯುಧವೆಂದು ಹೆಸರಾದ ಇಂಟರ್‌ಫೆರಾನಿನ ಕುಲಕ್ಕೆ ಈ ಪ್ರೋಟೀನ್ ಸೇರಿದ್ದೆಂದು 1987ರಲ್ಲಿ ತಿಳಿದಾಗ ಸಂಶೋಧಕರಿಗೇ ಬೆರಗಾಯಿತು.

ಕುರಿ ಮತ್ತು ಮೇಕೆ ಎರಡನ್ನೂ ಒಂದೇ ಹಿಂಡಿನಲ್ಲಿ ಕಾಯುವ ನಾಡಿನಲ್ಲಿ ಒಂದು ವ್ಯತ್ಯಾಸವನ್ನು ಇಲ್ಲಿಯೇ ಹೇಳಬೇಕು. ಮೇಕೆಯ ಬಸಿರು ಕೊನೆಯ ದಿನದವರೆಗೂ ಅಂಡಾಶಯದ ಆ ಹಳದಿ ಗಂಟನ್ನೇ ನೆಚ್ಚಿಕೊಂಡಿರುತ್ತದೆ; ಕುರಿಯಲ್ಲಿ ಸುಮಾರು ಐವತ್ತು ದಿನ ಕಳೆದ ಮೇಲೆ ಜರಾಯುವೇ ಬೇಕಾದಷ್ಟು ಪ್ರೊಜೆಸ್ಟಿರಾನ್ ತಯಾರಿಸುತ್ತದೆ. ಆದ್ದರಿಂದ ಪಶುವೈದ್ಯರ ಬಳಿ ಇರುವ ಪ್ರೊಸ್ಟಾಗ್ಲಾಂಡಿನ್ ಚುಚ್ಚುಮದ್ದು ಗಬ್ಬದ ಮೇಕೆಗೆ ಬಿದ್ದರೆ ಅದು ಕಂದು ಹಾಕುತ್ತದೆ, ಮೂರು ತಿಂಗಳ ಗಬ್ಬದ ಕುರಿ ಅದೇ ಮದ್ದಿಗೆ ಸಾಮಾನ್ಯವಾಗಿ ಜಗ್ಗುವುದಿಲ್ಲ.

ಗರ್ಭದ ಮರಿಯ ರಕ್ತದಲ್ಲಿ ಪ್ರೊಸ್ಟಾಗ್ಲಾಂಡಿನ್ ಇ2ರ ಮಟ್ಟ ಹುಟ್ಟಿದ ಮರಿಯಲ್ಲಿರುವುದಕ್ಕಿಂತ ಬಹಳ ಹೆಚ್ಚು. ಕಾರಣ ಎರಡು, ಎರಡೂ ಒಂದನ್ನೊಂದು ಬಲಪಡಿಸುವಂಥವು. ಒಂದು ಕಡೆ ಜರಾಯು ಅದನ್ನು ತಯಾರಿಸಿ ಹೊಕ್ಕುಳಬಳ್ಳಿಯ ಮೂಲಕ ಮರಿಗೆ ಕಳಿಸುತ್ತಿರುತ್ತದೆ. ಇನ್ನೊಂದು ಕಡೆ ಅದನ್ನು ನಾಶಮಾಡಬೇಕಾದ ಶ್ವಾಸಕೋಶಕ್ಕೆ ಗರ್ಭದಲ್ಲಿ ಹರಿಯುವುದು ಹೃದಯ ಹೊರದೂಡುವ ರಕ್ತದ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಉಳಿದ ರಕ್ತದಲ್ಲಿ ಬಹುಪಾಲು ಡಕ್ಟಸ್ ಆರ್ಟೀರಿಯೋಸಸ್ ಎಂಬ ಅಡ್ಡನಾಳದ ಮೂಲಕ ಶ್ವಾಸಕೋಶವನ್ನು ಬಳಸಿಕೊಂಡು ಹೋಗುತ್ತದೆ. ಆ ನಾಳವನ್ನು ತೆರೆದಿಡುವುದರಲ್ಲಿ ಇದೇ ಪ್ರೊಸ್ಟಾಗ್ಲಾಂಡಿನ್ ಇ2ರ ಪಾಲು ದೊಡ್ಡದು. ತನ್ನನ್ನು ಕೊಲ್ಲುವ ಅಂಗಕ್ಕೆ ರಕ್ತ ಹೋಗದಂತೆ ಅಣುವೇ ದಾರಿ ತಿರುಗಿಸಿದಂತಾಯಿತು. ಅದೇ ಅಣು ಮರಿಯ ಮಿದುಳಿನ ಮೇಲೂ ಕೆಲಸ ಮಾಡಿ ಗರ್ಭದೊಳಗಿನ ಉಸಿರಾಟದ ಚಲನೆಗಳನ್ನು ತಗ್ಗಿಸುತ್ತದೆ. ಅದರ ತಯಾರಿಕೆಯನ್ನು ತಡೆಯುವ ಇಂಡೊಮೆಥಾಸಿನ್ ಕೊಟ್ಟಾಗ ಗರ್ಭದ ಮರಿಗಳು ಬಿಡುವಿಲ್ಲದೆ ಉಸಿರಾಡುವಂತೆ ಎದೆಯಾಡಿಸಿದ್ದು 1980ರ ಆಸುಪಾಸಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಮರಿ ಹುಟ್ಟಿ ಹೊಕ್ಕುಳಬಳ್ಳಿ ಹರಿದೊಡನೆ ಸರಬರಾಜು ನಿಲ್ಲುತ್ತದೆ, ಶ್ವಾಸಕೋಶ ಅರಳಿ ರಕ್ತ ಅಲ್ಲಿಗೆ ನುಗ್ಗುತ್ತದೆ, ಉಳಿದಿದ್ದ ಪ್ರೊಸ್ಟಾಗ್ಲಾಂಡಿನ್ ಅಲ್ಲಿ ನಾಶವಾಗುತ್ತದೆ, ಉಸಿರಿನ ಮೇಲಿನ ಹಿಡಿತ ಸಡಿಲುತ್ತದೆ, ಅಡ್ಡನಾಳ ಮುಚ್ಚತೊಡಗುತ್ತದೆ. ಒಂದು ಮಾಸು ಬೇರ್ಪಟ್ಟರೆ ಇಷ್ಟೆಲ್ಲ ಬದಲಾಗುವುದು ಶರೀರಶಾಸ್ತ್ರದ ಅತ್ಯಂತ ಸೊಗಸಾದ ಪ್ರಕರಣಗಳಲ್ಲಿ ಒಂದೆಂದರೆ ಅತಿಶಯೋಕ್ತಿಯಲ್ಲ. ಹೃದಯದ ಜನ್ಮದೋಷದಿಂದಾಗಿ ಆ ಅಡ್ಡನಾಳವೇ ಜೀವಾಧಾರವಾಗಿರುವ ಹಸುಗೂಸುಗಳಿಗೆ 1970ರ ದಶಕದ ನಡುವಿನಿಂದ ಪ್ರೊಸ್ಟಾಗ್ಲಾಂಡಿನ್ ಇ1 ಕೊಡುವುದೂ, ಗರ್ಭಿಣಿಯರಿಗೆ ಕೊನೆಯ ತಿಂಗಳುಗಳಲ್ಲಿ ಇಂಡೊಮೆಥಾಸಿನ್ ಗುಂಪಿನ ನೋವಿನ ಮಾತ್ರೆಗಳು ಬೇಡವೆನ್ನುವುದೂ ಇದೇ ತಿಳಿವಿನ ಎರಡು ಮುಖಗಳು.

ಇಷ್ಟನ್ನು ಅಳೆಯಲು ಸಾಧ್ಯವಾದದ್ದು ಹೇಗೆ ಎಂಬುದೂ ಮುಖ್ಯ. ಕೇಂಬ್ರಿಜ್‌ನಲ್ಲಿ ಜೋಸೆಫ್ ಬಾರ್‌ಕ್ರಾಫ್ಟ್ 1930ರ ದಶಕದಲ್ಲಿ ಅರಿವಳಿಕೆ ಕೊಟ್ಟ ಕುರಿಯ ಗರ್ಭವನ್ನು ತೆರೆದು ಮರಿಯ ರಕ್ತವನ್ನು ಪರೀಕ್ಷಿಸುತ್ತಿದ್ದರು; ಆ ಸ್ಥಿತಿಯಲ್ಲಿ ಸಿಕ್ಕ ಅಂಕಿಗಳು ನರಳುತ್ತಿದ್ದ ಮರಿಯ ಅಂಕಿಗಳಾಗಿದ್ದವು. 1960ರ ದಶಕದಲ್ಲಿ ಡೊನಾಲ್ಡ್ ಬ್ಯಾರನ್, ಜ್ಯಾಕೊಮೊ ಮೆಸ್ಕಿಯ ಮೊದಲಾದವರು ಮರಿಯ ಮತ್ತು ತಾಯಿಯ ರಕ್ತನಾಳಗಳಲ್ಲಿ ಸಣ್ಣ ಕೊಳವೆಗಳನ್ನು ಕೂರಿಸಿ, ಗಾಯ ಹೊಲಿದು, ಕುರಿ ಎದ್ದು ನಿಂತು ಮೇವು ತಿನ್ನುತ್ತಿರುವಾಗಲೇ ದಿನಗಟ್ಟಲೆ ರಕ್ತದ ಮಾದರಿಗಳನ್ನು ತೆಗೆಯುವ ವಿಧಾನವನ್ನು ರೂಢಿಗೆ ತಂದರು. ಜರಾಯುವಿಗೆ ಹೋಗುವ ಮತ್ತು ಅಲ್ಲಿಂದ ಬರುವ ರಕ್ತಗಳ ವ್ಯತ್ಯಾಸವನ್ನು ಹರಿವಿನ ಪ್ರಮಾಣದಿಂದ ಗುಣಿಸಿದರೆ ಜರಾಯು ಎಷ್ಟನ್ನು ಕೊಟ್ಟಿತು, ಎಷ್ಟನ್ನು ಹೀರಿತು ಎಂಬುದು ತಿಳಿಯುತ್ತದೆ. ಪ್ರೊಸ್ಟಾಗ್ಲಾಂಡಿನ್ನಿನ ವಿಷಯದಲ್ಲಿ ಇದಕ್ಕೂ ಒಂದು ತೊಡಕಿತ್ತು: ಮಾದರಿ ತೆಗೆಯುವ ಕ್ರಿಯೆಯೇ ಅದರ ತಯಾರಿಕೆಯನ್ನು ಕೆರಳಿಸಬಲ್ಲದು. ಅದಕ್ಕಾಗಿ ಕಿಣ್ವ ಮುರಿದ ಮೇಲೆ ಉಳಿಯುವ, ಹೆಚ್ಚು ಹೊತ್ತು ಬಾಳುವ ತುಣುಕನ್ನೇ ಅಳೆಯುವುದು ವಾಡಿಕೆಯಾಯಿತು. ಬೆಂಕಿಯನ್ನು ಬೂದಿಯಿಂದ ಅಳೆದ ಹಾಗೆ.

ಈಯುವ ದಿನವನ್ನು ನಿಶ್ಚಯಿಸುವವರು ಯಾರು, ತಾಯಿಯೋ ಮರಿಯೋ ಎಂಬ ಪ್ರಶ್ನೆಗೂ ಉತ್ತರ ದೊರಕಿದ್ದು ಕುರಿಯಿಂದ. ನ್ಯೂಜಿಲೆಂಡಿನ ಪ್ರಸೂತಿತಜ್ಞ ಗ್ರಹಾಂ ಲಿಗ್ಗಿನ್ಸ್ ಮತ್ತು ಸಂಗಡಿಗರು 1967ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗರ್ಭದ ಮರಿಯ ಪಿಟ್ಯುಟರಿ ಗ್ರಂಥಿಯನ್ನು ನಾಶಮಾಡಿದಾಗ ದಿನ ತುಂಬಿದರೂ ಕುರಿ ಈಯಲಿಲ್ಲ, ಬಸಿರು ಮುಂದುವರಿಯುತ್ತಲೇ ಹೋಯಿತು. ಮರುವರ್ಷ ತೋರಿಸಿಕೊಟ್ಟಂತೆ, ಮರಿಯ ರಕ್ತಕ್ಕೆ ಅಡ್ರಿನಲ್ ಗ್ರಂಥಿಯನ್ನು ಚೋದಿಸುವ ಹಾರ್ಮೋನನ್ನೋ ಕಾರ್ಟಿಸಾಲನ್ನೋ ಹರಿಸಿದಾಗ ಅವಧಿಗೆ ಮೊದಲೇ ಈಯಿತು. ಹೀಗೆ ದಿನ ಮೀರಿ ಮುಂದುವರಿಯುವ ಬಸಿರಿನ ನೈಸರ್ಗಿಕ ರೂಪ ಕುರಿಗಾಹಿಗಳಿಗೆ ಗೊತ್ತೇ ಇತ್ತು. ಅಮೆರಿಕದ ಐಡಹೊ ರಾಜ್ಯದಲ್ಲಿ ಗಬ್ಬದ ಹದಿನಾಲ್ಕನೆಯ ದಿನದ ಹೊತ್ತಿಗೆ ವೆರೇಟ್ರಮ್ ಎಂಬ ಕಾಡುಗಿಡವನ್ನು ಮೇಯ್ದ ಕುರಿಗಳ ಮರಿಗಳು ಹಣೆಯ ನಡುವೆ ಒಂದೇ ಕಣ್ಣುಳ್ಳವಾಗಿ, ಪಿಟ್ಯುಟರಿಯ ಬೆಳವಣಿಗೆ ಕೆಟ್ಟು, ದಿನ ಮೀರಿದರೂ ಹುಟ್ಟದೆ ಉಳಿಯುತ್ತಿದ್ದವು. ಆಫ್ರಿಕಾದ ನೈಋತ್ಯದ ಒಣಭೂಮಿಯಲ್ಲಿ ಸಾಲ್ಸೋಲ ಎಂಬ ಪೊದೆಯನ್ನು ಗಬ್ಬದ ಕೊನೆಯ ತಿಂಗಳುಗಳಲ್ಲಿ ಮೇಯ್ದ ಕಾರಕುಲ್ ಕುರಿಗಳ ಮರಿಗಳು ಗರ್ಭದಲ್ಲೇ ಅತಿಯಾಗಿ ಬೆಳೆದುಬಿಡುತ್ತಿದ್ದವು.

ಮರಿಯ ಕಾರ್ಟಿಸಾಲ್ ಜರಾಯುವಿನಲ್ಲಿ ಮಾಡುವ ಕೆಲಸ ದಾಟುವುದಲ್ಲ, ಆ ಅಂಗದ ಸ್ವಭಾವವನ್ನೇ ತಿರುಗಿಸುವುದು. ಕೊನೆಯ ಎರಡು ವಾರಗಳಲ್ಲಿ ಮರಿಯ ರಕ್ತದಲ್ಲಿ ಕಾರ್ಟಿಸಾಲ್ ಏರುತ್ತ ಬಂದಂತೆ ಜರಾಯುವಿನಲ್ಲಿ ಹೊಸ ಕಿಣ್ವವೊಂದು ಎಚ್ಚೆತ್ತು, ಪ್ರೊಜೆಸ್ಟಿರಾನಿನ ಕಡೆಗೆ ಹರಿಯುತ್ತಿದ್ದ ಕಚ್ಚಾವಸ್ತುವನ್ನು ಈಸ್ಟ್ರೊಜೆನ್ನಿನ ಕಡೆಗೆ ತಿರುಗಿಸುತ್ತದೆ. ಗರ್ಭಕೋಶವನ್ನು ಶಾಂತವಾಗಿಟ್ಟಿದ್ದ ಪ್ರೊಜೆಸ್ಟಿರಾನ್ ಇಳಿಯುತ್ತದೆ, ಕೆರಳಿಸುವ ಈಸ್ಟ್ರೊಜೆನ್ ಏರುತ್ತದೆ, ಪ್ರೊಸ್ಟಾಗ್ಲಾಂಡಿನ್ ಹೆಚ್ಚುತ್ತದೆ, ಬೇನೆ ಶುರುವಾಗುತ್ತದೆ. ಬಹುಕಾಲ ಇದನ್ನು ಒಂದೇ ಸರಪಳಿಯೆಂದು ಬೋಧಿಸಲಾಗುತ್ತಿತ್ತು. ಟೊರಾಂಟೊದಲ್ಲಿ ಜಾನ್ ಚಾಲಿಸ್ ಅವರ ತಂಡ 2000ದ ಸುಮಾರಿಗೆ ನಡೆಸಿದ ಪ್ರಯೋಗ ಆ ಸರಪಳಿಯನ್ನು ಎರಡಾಗಿ ಸೀಳಿತು. ಮರಿಗೆ ಕಾರ್ಟಿಸಾಲ್ ಹರಿಸುತ್ತಲೇ ಈಸ್ಟ್ರೊಜೆನ್ ತಯಾರಾಗದಂತೆ ಇನ್ನೊಂದು ಮದ್ದಿನಿಂದ ತಡೆದಾಗ ಜರಾಯುವಿನ ಪ್ರೊಸ್ಟಾಗ್ಲಾಂಡಿನ್ ಇ2 ಮರಿಯ ರಕ್ತದಲ್ಲಿ ಎಂದಿನಂತೆ ಏರಿತು, ತಾಯಿಯ ಕಡೆಯ ಎಫ್2-ಆಲ್ಫಾ ಮಾತ್ರ ಏರಲಿಲ್ಲ. ಅಂದರೆ ಮರಿಯ ದಂಡೆಯಲ್ಲಿ ಒಂದು ಪ್ರೊಸ್ಟಾಗ್ಲಾಂಡಿನ್, ತಾಯಿಯ ದಂಡೆಯಲ್ಲಿ ಇನ್ನೊಂದು; ಮೊದಲನೆಯದಕ್ಕೆ ಕಾರ್ಟಿಸಾಲೇ ನೇರ ಕಾರಣ, ಎರಡನೆಯದಕ್ಕೆ ಈಸ್ಟ್ರೊಜೆನ್ ಬೇಕು. ಕೆಲವೇ ಪದರಗಳ ಅಂತರದಲ್ಲಿದ್ದೂ ಎರಡು ದಂಡೆಗಳು ಹೀಗೆ ಬೇರೆ ಬೇರೆ ಆಡಳಿತದಲ್ಲಿರುವುದು ಸಾಧ್ಯವಾಗಿರುವುದು ನಡುವಿನ ವಾಹಕ ಮತ್ತು ಕಿಣ್ವಗಳು ಒಂದು ಕಡೆಯದನ್ನು ಇನ್ನೊಂದು ಕಡೆಗೆ ಸುಲಭವಾಗಿ ಸೋರಗೊಡದಿರುವುದರಿಂದ.

ಕುರಿಯಲ್ಲಿ ಕಂಡದ್ದನ್ನೆಲ್ಲ ಮನುಷ್ಯರಿಗೆ ಹಾಗೆಯೇ ಒಪ್ಪಿಸುವ ಆತುರ ಮಾತ್ರ ಹಲವು ದಶಕಗಳನ್ನು ವ್ಯರ್ಥಗೊಳಿಸಿದೆ. ಹೆಂಗಸಿನ ಜರಾಯುವಿನಲ್ಲಿ ಪ್ರೊಜೆಸ್ಟಿರಾನನ್ನು ತಿರುಗಿಸುವ ಆ ಕಿಣ್ವದ ಕೆಲಸ ಇಲ್ಲವೆನ್ನುವಷ್ಟು ಕಡಿಮೆ. ಹೆರಿಗೆಗೆ ಮುನ್ನ ರಕ್ತದಲ್ಲಿ ಪ್ರೊಜೆಸ್ಟಿರಾನ್ ಇಳಿಯುವುದೂ ಇಲ್ಲ. ಅಲ್ಲಿ ಆಮ್ನಿಯಾನ್ ಪ್ರೊಸ್ಟಾಗ್ಲಾಂಡಿನ್ ಇ2 ತಯಾರಿಸಿದರೆ ಅದರ ಹೊರಗಿನ ಕೋರಿಯಾನ್ ತನ್ನ ಕಿಣ್ವದಿಂದ ಅದನ್ನು ಬಹುಮಟ್ಟಿಗೆ ನಾಶಮಾಡಿ ಗರ್ಭಕೋಶದ ಸ್ನಾಯುವನ್ನು ಕಾಯುತ್ತದೆ. ಸೋಂಕಿನಿಂದ ಆ ಕಿಣ್ವ ಕುಂದಿದರೆ ಅಕಾಲ ಹೆರಿಗೆಗೆ ದಾರಿಯಾಗಬಹುದು. ತತ್ತ್ವ ಎರಡೂ ಪ್ರಾಣಿಗಳಲ್ಲಿ ಒಂದೇ, ಸುಂಕದ ಕಟ್ಟೆ ಇರುವ ಜಾಗ ಬೇರೆ.

ಕಾರ್ಟಿಸಾಲ್‌ಗೂ ಇಂಥದೇ ಒಂದು ಕಾವಲಿದೆ. ತಾಯಿಯ ಕಾರ್ಟಿಸಾಲ್ ಕೊಬ್ಬಿನಲ್ಲಿ ಕರಗುವುದರಿಂದ ಜರಾಯುವಿಗೆ ನುಗ್ಗುತ್ತದೆ, ಅಲ್ಲಿನ ಕಿಣ್ವವೊಂದು ಅದರ ಬಹುಪಾಲನ್ನು ಕಾರ್ಟಿಸೋನ್ ಎಂಬ ನಿಷ್ಕ್ರಿಯ ರೂಪಕ್ಕೆ ತಿರುಗಿಸುತ್ತದೆ. ಆದರೂ ಸೋರಿಕೆ ಉಂಟು: ಗಬ್ಬದ ಸುಮಾರು 120ನೆಯ ದಿನದವರೆಗೆ ಮರಿಯ ರಕ್ತದಲ್ಲಿರುವ ಅಲ್ಪಸ್ವಲ್ಪ ಕಾರ್ಟಿಸಾಲ್‌ನ ಹೆಚ್ಚಿನ ಪಾಲು ತಾಯಿಯದೇ. ಡೆಕ್ಸಾಮೆಥಸೋನ್, ಬೀಟಾಮೆಥಸೋನ್ ಎಂಬ ಕೃತಕ ಸ್ಟಿರಾಯ್ಡುಗಳು ಈ ಕಿಣ್ವಕ್ಕೆ ಅಷ್ಟಾಗಿ ಬಲಿಯಾಗುವುದಿಲ್ಲ. ಲಿಗ್ಗಿನ್ಸ್ 1969ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಡೆಕ್ಸಾಮೆಥಸೋನ್ ಪಡೆದು 117 ದಿನಕ್ಕೇ ಹುಟ್ಟಿದ, ಬದುಕಲು ಏನೇನೂ ಅವಕಾಶವಿಲ್ಲದ ಮರಿಯೊಂದು ಉಸಿರಾಡಿತ್ತು. ಅದರ ಶ್ವಾಸಕೋಶ ಸ್ವಲ್ಪಮಟ್ಟಿಗೆ ಅರಳಿತ್ತು. ಈಯುವಿಕೆಯ ಕಾರಣವನ್ನು ಹುಡುಕಿ ಹೊರಟವರಿಗೆ ಶ್ವಾಸಕೋಶವನ್ನು ಹದಗೊಳಿಸುವ ಮದ್ದು ಸಿಕ್ಕಿತ್ತು. ರಾಸ್ ಹೋವಿ ಅವರೊಡನೆ ಆಕ್ಲೆಂಡಿನಲ್ಲಿ 282 ತಾಯಂದಿರ ಮೇಲೆ ನಡೆಸಿ 1972ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅವಧಿಗೆ ಮೊದಲು ಹುಟ್ಟಿದ ಶಿಶುಗಳ ಉಸಿರಾಟದ ತೊಂದರೆ ನೂರಕ್ಕೆ 25.8ರಿಂದ 9ಕ್ಕೆ ಇಳಿಯಿತು. ಇಷ್ಟು ಸ್ಪಷ್ಟ ಫಲಿತಾಂಶ ಕೊಟ್ಟ ಚಿಕಿತ್ಸೆಯನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಅಧಿಕೃತವಾಗಿ ಶಿಫಾರಸು ಮಾಡಿದ್ದು 1994ರಲ್ಲಿ. ಇಪ್ಪತ್ತೆರಡು ವರ್ಷಗಳ ಆ ವಿಳಂಬಕ್ಕೆ ಸಮರ್ಥನೆ ಹುಡುಕುವುದು ಕಷ್ಟ.

ಈ ಕಥೆಯ ಕೊನೆಯ ಅಧ್ಯಾಯದಲ್ಲಿ ಕರ್ನಾಟಕವೂ ಇದೆ. ಅರ್ಜೆಂಟೀನಾ, ಗ್ವಾಟೆಮಾಲ, ಕೀನ್ಯಾ, ಪಾಕಿಸ್ತಾನ, ಜಾಂಬಿಯಾ ದೇಶಗಳೊಡನೆ ಭಾರತದ ಬೆಳಗಾವಿ ಮತ್ತು ನಾಗಪುರಗಳಲ್ಲಿ, ಹಳ್ಳಿಗಳ ಮಟ್ಟದವರೆಗೆ ಡೆಕ್ಸಾಮೆಥಸೋನನ್ನು ಮುಟ್ಟಿಸಿ ನಡೆಸಿದ ದೊಡ್ಡ ಅಧ್ಯಯನದ ಫಲಿತಾಂಶ 2015ರಲ್ಲಿ ಬಂದಾಗ ಎಲ್ಲರ ನಿರೀಕ್ಷೆ ತಲೆಕೆಳಗಾಯಿತು: ಮದ್ದು ಹಂಚಿದ ಕಡೆ ಜನಿಸಿದ ಸಾವಿರ ಶಿಶುಗಳಿಗೆ 27.4, ಹಂಚದ ಕಡೆ 23.9 ಶಿಶುಗಳು ಮೊದಲ ತಿಂಗಳಲ್ಲಿ ತೀರಿಕೊಂಡಿದ್ದವು. ತಾಯಂದಿರ ಸೋಂಕೂ ಹೆಚ್ಚಿತ್ತು. ಮದ್ದು ಪಡೆದವರಲ್ಲಿ ಬಹಳ ಮಂದಿಗೆ ದಿನ ತುಂಬುವುದರೊಳಗೆ ಹೆರಿಗೆಯಾಗಲೇ ಇಲ್ಲ, ಹಾಗಾಗಿ ಮದ್ದಿನ ಅಪಾಯವಷ್ಟೇ ಅವರ ಪಾಲಿಗೆ ಬಂದಿರಬಹುದು. ಕುರಿಯ ಪ್ರಯೋಗಗಳಲ್ಲಿ ಟಗರು ಕೂಡಿದ ದಿನ ಪುಸ್ತಕದಲ್ಲಿ ದಾಖಲಾಗಿರುತ್ತದೆ. ಹಳ್ಳಿಯ ಹೆಂಗಸಿನ ಬಸಿರಿನ ಲೆಕ್ಕ ಮುಟ್ಟು ನಿಂತ ತಿಂಗಳ ನೆನಪಿನ ಮೇಲೆ ನಿಂತಿರುತ್ತದೆ. ಬಳಿಕ ವಿಶ್ವ ಆರೋಗ್ಯ ಸಂಸ್ಥೆ ಬಾಂಗ್ಲಾದೇಶ, ಭಾರತ, ಕೀನ್ಯಾ, ನೈಜೀರಿಯಾ, ಪಾಕಿಸ್ತಾನಗಳ 29 ಆಸ್ಪತ್ರೆಗಳಲ್ಲಿ ಅದೇ ಡೆಕ್ಸಾಮೆಥಸೋನನ್ನು 2,852 ಗರ್ಭಿಣಿಯರಲ್ಲಿ ಮತ್ತೆ ಪರೀಕ್ಷಿಸಿತು. ಬೆಳಗಾವಿ ಇಲ್ಲಿಯೂ ಪಾಲುಗೊಂಡಿತ್ತು. 2020ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ನವಜಾತ ಶಿಶುಗಳ ಮರಣ ನೂರಕ್ಕೆ 23.5ರಿಂದ 19.6ಕ್ಕೆ ಇಳಿದಿತ್ತು. ಆ ಅಧ್ಯಯನದಲ್ಲಿ ಚುಚ್ಚುಮದ್ದಿಗೆ ಮೊದಲು ಗರ್ಭಿಣಿಯರ ಬಸಿರಿನ ವಾರಗಳನ್ನು ಅಲ್ಟ್ರಾಸೌಂಡಿನಿಂದ ಎಣಿಸಲಾಗಿತ್ತು.